ಅಪ್‌ಡೇಟ್: ಫ್ರೀ ಡಿಶ್ ಚಾನೆಲ್‌ಗಳು ಕೊನೆಗೂ ಕಂಪ್ಯೂಟರಿಗೆ ಬಂದವು

ಸಕಲೇಶಪುರದ ಮನೆಯಲ್ಲಿ ಲಿನಕ್ಸ್ ಕಂಪ್ಯೂಟರಿಗೆ ಡಿವಿಬಿ-ಎಸ್2 ಟ್ಯೂನರ್ (ಡಿಶ್ ಸಿಗ್ನಲ್ ಕಂಪ್ಯೂಟರಿಗೆ ತರುವ ಕಾರ್ಡ್) ಹಾಕಿದ್ದೇನೆ, ಡಿಡಿ ಫ್ರೀ ಡಿಶ್ ಸ್ಕ್ಯಾನ್ ಮಾಡಿದರೆ ಒಂದು ಚಾನೆಲ್ಲೂ ಸಿಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಟಿವಿಹೆಡೆಂಡ್ (ಟಿವಿ ನೋಡಲು, ರೆಕಾರ್ಡ್ ಮಾಡಲು ಬಳಸುವ ಸಾಫ್ಟ್‌ವೇರ್) ಜೊತೆ ಬಂದಿದ್ದ ಫ್ರೀಕ್ವೆನ್ಸಿ ಪಟ್ಟಿ ಹಳೆಯದಾಗಿತ್ತು. ನೀವು ಹೇಳಿದ ಹಾಗೆ ಅದನ್ನು ಅಳಿಸಿದೆ. ಟಿವಿಯ ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಕಾಣುವ ಫ್ರೀಕ್ವೆನ್ಸಿ, ಸಿಂಬಲ್ ರೇಟ್, ಪೋಲರೈಸೇಶನ್ ನೋಡಿಕೊಂಡು ಒಂದೊಂದಾಗಿ ಕೈಯಲ್ಲೇ ತುಂಬಿದೆ. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಯೂನಿವರ್ಸಲ್, ಅಂದರೆ 9750/10600 ಮೆಗಾಹರ್ಟ್ಸ್ ಅಂತ ಆರಿಸಿದೆ. ಚಂದನ ಬಂದೇಬಿಟ್ಟಿತು! ಫ್ರೀ ಡಿಶ್ ಚಾನೆಲ್‌ಗಳು ಬರುವ ಜಿಸ್ಯಾಟ್-15 ಉಪಗ್ರಹ ನೋಡಿಕೊಳ್ಳುವವರು ನಮ್ಮ ಹಾಸನದ ಎಂಸಿಎಫ್‌ನಲ್ಲೇ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಕೂತಿದ್ದಾರೆ, ನಮಗೆ ಮಾತ್ರ ಚಾನೆಲ್ ಸಿಗುತ್ತಿರಲಿಲ್ಲ ನೋಡಿ.

ರೆಕಾರ್ಡಿಂಗ್‌ಗೆ ಕಾರ್ಯಕ್ರಮದ ಪಟ್ಟಿ ನಂಬಿಕೊಂಡಿಲ್ಲ. ಸುಮ್ನೆ ಟೈಮ್ ಕೊಟ್ಟು, ಹಿಂದೆ ಮುಂದೆ 5 ನಿಮಿಷ ಜಾಸ್ತಿ ಇಟ್ಟಿದ್ದೇನೆ. ರೆಕಾರ್ಡಿಂಗ್ ಉಳಿಯುವ ಟಿಎಸ್ (ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಫೈಲಿನ ಅನುಕೂಲ ಏನಂದರೆ, ಮಧ್ಯೆ ಕರೆಂಟ್ ಹೋದರೂ ಅಲ್ಲಿವರೆಗೆ ಆಗಿದ್ದು ವಿಎಲ್‌ಸಿಯಲ್ಲಿ ಓಡುತ್ತದೆ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗಲಿ ಅಂತ ಬಯೋಸ್‌ನಲ್ಲೂ ಸೆಟ್ ಮಾಡಿದೆ, ನಮ್ಮ ಕಡೆ ಅದು ಬೇಕೇ ಬೇಕು ಅಲ್ವಾ.

ಉಳಿದಿರುವುದು ಮಳೆ. ಜೋರಾಗಿ ಹಿಡಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಸಾಫ್ಟ್‌ವೇರಿನಲ್ಲಿ ಅದಕ್ಕೆ ಮದ್ದಿಲ್ಲ. ಈಗಿರುವುದು 60 ಸೆಂ.ಮೀ. ಡಿಶ್, ಮಳೆಗಾಲಕ್ಕೆ ಮೊದಲು 90ರದ್ದು ಹಾಕಿಸಬೇಕು.