ಇನ್‌ಚಾರ್ಜ್ ಆಗಲೋ, ಓದೋಕೆ ಹೋಗಲೋ?

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 9 ವರ್ಷ ಆಯ್ತು. ನಮ್ಮದು 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ. ರಾತ್ರಿ ಪಾಳಿಗೆ ನಾನೊಬ್ಬಳೇ. ಹೆರಿಗೆ ಮುಗಿಸಿ ವಾರ್ಡಿಗೆ ಬರೋಷ್ಟರಲ್ಲಿ ಡ್ರಿಪ್ ಖಾಲಿಯಾಗಿ ಪೈಪಿನಲ್ಲಿ ರಕ್ತ ಏರಿರುತ್ತೆ. ಈಗ ನರ್ಸ್‌ಗಳ ಇನ್‌ಚಾರ್ಜ್ ಆಗು ಅಂತಿದ್ದಾರೆ. ಸಂಬಳ ಅಷ್ಟೇ, ಬೀಗದಕೈ ಗೊಂಚಲು ಮಾತ್ರ ಜಾಸ್ತಿ. ಒಪ್ಪಲೋ, ಡಿಪ್ಲೊಮಾ ಆದವರು ಓದೋ ನರ್ಸಿಂಗ್ ಪದವಿ, ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಹೋಗಲೋ?

ಉತ್ತರ 1: ಎರಡೇ ವರ್ಷ ಅಕ್ಕ, ಓದಿಬಿಡಿ.

ಉತ್ತರ 2: ನಾನು ಇನ್‌ಚಾರ್ಜ್ ಆದ ಮೊದಲ ತಿಂಗಳು ಡ್ಯೂಟಿ ಪಟ್ಟಿ ಬರೆದಿದ್ದಕ್ಕಿಂತ ಹರಿದಿದ್ದೇ ಹೆಚ್ಚು. ದೀಪಾವಳಿ ರಜೆ ಎಲ್ಲರಿಗೂ ಬೇಕಲ್ಲ! ಒಪ್ಪೋದಾದರೆ ಸ್ಟಾಕ್ ನೀವೇ ಎಣಿಸಿ, ಆಮೇಲೆ ಸಹಿ ಹಾಕಿ. ಎಣಿಸದೆ ಸಹಿ ಹಾಕಿ, ಕಾಣೆಯಾದ ಆಕ್ಸಿಜನ್ ರೆಗ್ಯುಲೇಟರ್‌ಗೆ ಉತ್ತರ ಕೊಟ್ಟವಳು ನಾನು.

ಪ್ರಶ್ನೆ ಕೇಳಿದವರು: ಇವತ್ತೇ ಎಣಿಸಿದೆ ಮೇಡಂ. ಬಿಪಿ ಮೆಷಿನ್ ಪುಸ್ತಕದಲ್ಲಿ 6, ಕಪಾಟಿನಲ್ಲಿ 4. ಸಹಿ ಹಾಕಿಲ್ಲ.