ಶಹಾಬಾದ್ ಫರ್ಸಿಗೆ ಯಾವ ಕ್ಲೀನರ್ ಹಾಕಬೇಕು?

ಬ್ರಹ್ಮಪುರದಾಕಿ: ನಮ್ಮದು ಕಲಬುರಗಿಯಲ್ಲಿ ಹಳೆ ಮನೆ, ನೆಲಕ್ಕೆಲ್ಲ ಶಹಾಬಾದ್ ಫರ್ಸಿ. ಬೋರ್ ನೀರಿನ ಬಿಳಿ ಕಲೆ ಹೋಗಲಿ ಅಂತ ಅಂಗಡಿಯವರು ಕೊಟ್ಟ ಆಸಿಡ್ ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ, ಕಣ್ಣು ಉರಿಯುತ್ತದೆ. ಒಳಗೇನಿದೆ ಅಂತ ಬಾಟಲಿ ಮೇಲೆ ಬರೆದೇ ಇಲ್ಲ. ಬದಲಿಗೆ ವಿನೆಗರ್ ಹಾಕಬಹುದಾ?

ಸೇಡಂ ರೋಡ್: ಬೇಡ ಅಕ್ಕಾ. ಫರ್ಸಿ ಅಂದರೆ ಸುಣ್ಣದ ಕಲ್ಲು ಅಲ್ವಾ, ಆ ನೊರೆಯಲ್ಲಿ ಕಲೆ ಜೊತೆ ಕಲ್ಲೂ ಕರಗುತ್ತದೆ. ಅಂಗಡಿಯ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್. ವಿನೆಗರ್, ನಿಂಬೆರಸ ನಿಧಾನಕ್ಕೆ ಅದೇ ಕೆಲಸ ಮಾಡುತ್ತವೆ. ಸ್ಟೀಲ್ ಬಕೆಟ್ಟಿನ ಬಿಳಿ ಕಲೆಗೆ ವಿನೆಗರ್ ಓಕೆ. ನೆಲಕ್ಕೆ ಬಿಸಿನೀರು, ಒಂದು ಚಮಚ ಪಾತ್ರೆ ಸೋಪು ಸಾಕು.

ಬೀದರ್ ಹುಡುಗ: ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಕಲಸಬೇಡಿ. ಜಾಸ್ತಿ ಬೆಳ್ಳಗಾಗುತ್ತದೆ ಅಂತ ಜನ ಸುಮ್ನೆ ಎರಡನ್ನೂ ಸುರಿಯುತ್ತಾರೆ, ಕ್ಲೋರಿನ್ ಗ್ಯಾಸ್ ಬರುತ್ತದೆ, ಕಿಟಕಿ ಇಲ್ಲದ ಬಚ್ಚಲಲ್ಲಿ ಜೀವಕ್ಕೇ ಕುತ್ತು. 'ಹರ್ಬಲ್' ಅಂತ ಬರೆದದ್ದನ್ನೂ ಪೂರ್ತಿ ನಂಬಬೇಡಿ. ಪರ್ಫ್ಯೂಮ್ ಅನ್ನೋ ಒಂದು ಪದದ ಹಿಂದೆ ಹತ್ತಾರು ಕೆಮಿಕಲ್ ಇರಬಹುದು.

ಬ್ರಹ್ಮಪುರದಾಕಿ: ಈಗಾಗಲೇ ಹೊಳಪು ಹೋಗಿರುವ ಜಾಗಕ್ಕೆ?

ಸೇಡಂ ರೋಡ್: ಪಾಲಿಶ್ ಮಷೀನಿನವರನ್ನೇ ಕರೆಸಬೇಕು ಅಕ್ಕಾ, ತಿಕ್ಕಿದರೆ ಬರಲ್ಲ. ಉಳಿದ ಆಸಿಡ್ ನೀರಿನ ಬಾಟಲಿಗೆ ತುಂಬಿಡಬೇಡಿ, ಮಕ್ಕಳು ಕುಡಿದುಬಿಟ್ಟಾರು.