ಅಂಗಡಿ ಕಂಪ್ಯೂಟರ್‌ಗೆ ಹೊಸ ಕರ್ನಲ್ ಬೇಕಾ?

ಸುರತ್ಕಲ್ ಅಣ್ಣ: ಗ್ರೂಪಿನಲ್ಲಿ ಮೇಲೆ ಹಾಕಿದ ವೀಡಿಯೋ ನೋಡಿದಿರಾ? ಲಿನಕ್ಸ್ ಕರ್ನಲ್ (ಯಂತ್ರಕ್ಕೂ ಪ್ರೋಗ್ರಾಂಗಳಿಗೂ ನಡುವೆ ಇರುವ ಮೂಲ ತಂತ್ರಾಂಶ) ನಾವೇ ಕಟ್ಟಿಕೊಂಡರೆ ಹಳೇ ಕಂಪ್ಯೂಟರ್ ಎರಡು ಪಟ್ಟು ವೇಗ ಆಗುತ್ತದಂತೆ. ಭಾನುವಾರ ಬಂದು ರಥಬೀದಿ ಅಂಗಡಿಯದ್ದಕ್ಕೆ ಹಾಕಿಕೊಡುತ್ತೇನೆ.

ಉಡುಪಿ ಮಾವ: ಆಯ್ತು ಮಾರಾಯ. ಬಿಲ್ಲಿಂಗ್ ಮಾತ್ರ ನಿಲ್ಲಬಾರದು.

ನಾನು: ಅಣ್ಣ, ಅಂಗಡಿಯದ್ದಕ್ಕೆ ಬೇಡ. ಅಷ್ಟು ವೇಗ ಕರ್ನಲ್‌ನಿಂದ ಬರುವುದಿಲ್ಲ. ಬೇಡದ (ಒಂದೊಂದು ಸಾಧನ ನಡೆಸುವ) ಡ್ರೈವರ್‌ಗಳಲ್ಲಿ ಹೆಚ್ಚಿನವು ಮಾಡ್ಯೂಲ್ (ಬೇರೆಯಾಗಿ ಇಟ್ಟ ತುಂಡು) ಆಗಿ ಡಿಸ್ಕಿನಲ್ಲಿ ಸುಮ್ನೆ ಇರುತ್ತವೆ. ಬೇಕಾದಾಗ ಮಾತ್ರ ಮೆಮೊರಿಗೆ ಬರುತ್ತವೆ. ಅವನ್ನು ಕಿತ್ತು ಹಾಕಿದರೆ ಬಿಲ್ಲಿಂಗ್ ಬೇಗ ತೆರೆಯುತ್ತದಾ? ಅಲ್ಲಿ ಇನ್ನೂ ಹಳೇ ಹಾರ್ಡ್‌ಡಿಸ್ಕ್ ಉಂಟು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಮಾವನಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಸುರತ್ಕಲ್ ಅಣ್ಣ: ನೀನು ಎಲ್ಲದಕ್ಕೂ ಬೇಡ ಅನ್ನುವುದು. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಅನ್ನುವ ಕಮಾಂಡ್ ಕೊಟ್ಟರೆ ಬೇಕಾದ್ದನ್ನು ಅದೇ ಆರಿಸುತ್ತದೆ. ಅರ್ಧ ಗಂಟೆಯ ಕೆಲಸ.

ನಾನು: ನನ್ನ ಹೆದರಿಕೆಯೇ ಅದು. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ತಕ್ಕಡಿಯ ಯುಎಸ್‌ಬಿ ಕೇಬಲ್ ಭಾನುವಾರ ಚುಚ್ಚಿರದಿದ್ದರೆ ಅದರ ಡ್ರೈವರ್ ಹೋಯಿತು. ಸೋಮವಾರ ಗಿರಾಕಿ ಮುಂದೆ ಮಾವ ಏನು ಮಾಡಬೇಕು? ಸೆಕ್ಯೂರ್ ಬೂಟ್ (ಶುರುವಾಗುವಾಗ ಡಿಜಿಟಲ್ ಸಹಿ ನೋಡುವ ಕಾವಲು) ಆನ್ ಇದ್ದರೆ ಸಹಿ ಇಲ್ಲದ ಕರ್ನಲ್ ಏಳುವುದೂ ಇಲ್ಲ.

ಇನ್ನೊಂದು ಉಂಟು, ಅದೇ ದೊಡ್ಡದು. ಈಗಿನ ಕರ್ನಲ್‌ಗೆ ಭದ್ರತಾ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಮಾಮೂಲಿ ಅಪ್‌ಡೇಟ್‌ನಲ್ಲೇ ಬರುತ್ತದೆ. ನಾವು ಕಟ್ಟಿದ್ದಕ್ಕೆ ಬರುವುದಿಲ್ಲ. ಪ್ರತಿ ಸಲ ಹೊಸ ಸೋರ್ಸ್ (ಮೂಲ ಕೋಡ್) ತಂದು ಮತ್ತೆ ಕಟ್ಟಬೇಕು. ನೀನು ಸುರತ್ಕಲ್‌ನಲ್ಲಿ, ಮಾವ ಕೌಂಟರ್‌ನಲ್ಲಿ. ಯಾರು ಮಾಡುವುದು?

ಮಂಗಳೂರು ಚಿಕ್ಕಮ್ಮ: ಹಾಗಾದರೆ ಕಲಿಯುವುದೇ ಬೇಡವಾ? ಅವನಿಗೆ ಆಸೆ ಉಂಟಲ್ಲ.

ನಾನು: ಕಲಿಯಲೇಬೇಕು ಚಿಕ್ಕಮ್ಮ. ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದರ ಸೋರ್ಸ್ ಹೊರಗೆ ಬಿಟ್ಟದ್ದರಿಂದ ತಾನೇ ಇವತ್ತು ನಾವು ಅದನ್ನು ಬಿಚ್ಚಿ ನೋಡಬಹುದು. ಆದರೆ ಅಣ್ಣನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಮಾಡಲಿ. ಅಣ್ಣ, ಬೂಟ್ ಫೋಲ್ಡರ್‌ನಲ್ಲಿರುವ ಈಗಿನ ಕಾನ್ಫಿಗ್ (ಕರ್ನಲ್‌ಗೆ ಏನು ಬೇಕು, ಏನು ಬೇಡ ಎಂಬ ಪಟ್ಟಿ) ಫೈಲನ್ನೇ ನಕಲು ಮಾಡಿಕೊಂಡು ಶುರು ಮಾಡು. ಆಮೇಲೆ ಅದನ್ನು ತಿದ್ದುವ ಮೆನುಕಾನ್ಫಿಗ್‌ನಲ್ಲಿ ಒಂದೊಂದೇ ಬದಲಿಸು. 'ಮೇಕ್' ಮುಗಿದ ಮೇಲೆ 'ಮಾಡ್ಯೂಲ್ಸ್ ಇನ್‌ಸ್ಟಾಲ್' ಮೊದಲು, 'ಇನ್‌ಸ್ಟಾಲ್' ಆಮೇಲೆ. ಡಿಸ್ಕಿನಲ್ಲಿ ಜಾಗ ಜಾಸ್ತಿ ಇಟ್ಟುಕೋ. ಹಳೇ ಕರ್ನಲ್ ಮಾತ್ರ ಅಳಿಸಬೇಡ. ಹೊಸದು ಏಳದಿದ್ದರೆ ಶುರುವಿನಲ್ಲಿ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನಿಂದ ಅದಕ್ಕೇ ವಾಪಸ್ ಹೋಗಬಹುದು.

ಸುರತ್ಕಲ್ ಅಣ್ಣ: ಸರಿ, ನನ್ನದರಲ್ಲೇ ಮಾಡುತ್ತೇನೆ. ವೇಗ ಜಾಸ್ತಿ ಆದರೆ ಅಂಗಡಿ ವಿಷಯ ಮತ್ತೆ ಎತ್ತುತ್ತೇನೆ.

ನಾನು: ಎತ್ತು. ಕಟ್ಟುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ 'ಸಿಸ್ಟಮ್‌ಡಿ-ಅನಲೈಸ್' ಕೊಟ್ಟು ಬೂಟ್ ಸಮಯ ಇಲ್ಲೇ ಹಾಕು. ಕರ್ನಲ್‌ಗೆ ಎಷ್ಟು ಸೆಕೆಂಡ್, ಉಳಿದದ್ದಕ್ಕೆ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ.

ಉಡುಪಿ ಮಾವ: ಆ ಎಸ್‌ಎಸ್‌ಡಿಗೆ ಎಷ್ಟಾಗುತ್ತದೆ?